ಬೋರ್ಡಿಗೂ ಒಂದು ದೀಪ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ರಾತ್ರಿಯ ಸಾರಿಗೆ ಒಗ್ಗರಣೆ ಹಾಕುತ್ತಿರಬಹುದು. ಕೆಲವರು ಅಂಗಡಿಯ ಗಲ್ಲಾ ಎಣಿಸುತ್ತಿರಬಹುದು. ಆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಇನ್ನು ಹತ್ತು ನಿಮಿಷಕ್ಕೆ ನಮ್ಮ ಹಾಸನದ ಯಾವುದೋ ಬಸ್ ನಿಲ್ದಾಣದಲ್ಲಿ ನಿಂತಿರುತ್ತಾಳೆ. ಬಸ್ ಬರುತ್ತದೆ. ಎರಡು ಹೆಡ್‌ಲೈಟ್ ಕಾಣುತ್ತವೆ. ಅದರ ಮೇಲೆ, ಊರಿನ ಹೆಸರು ಇರಬೇಕಾದ ಜಾಗದಲ್ಲಿ, ಬರೀ ಕತ್ತಲೆ. ನಾನು ಇವತ್ತು ಮಾತಾಡಲು ಬಂದಿರುವುದು ಆ ಕತ್ತಲೆಯ ಬಗ್ಗೆ.

ನಾನು ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ವಾಹನಗಳ ವೈರಿಂಗ್ ಪಾಠ ಮಾಡಿದವನು. ಹೇಳುವುದಾದರೆ ಹೇಳಲು ತುಂಬಾ ಇದೆ. ಆದರೆ ಇವತ್ತು ಒಂದೇ ಮಾತು ನೆನಪಿಟ್ಟುಕೊಳ್ಳಿ. ಹೆಡ್‌ಲೈಟ್ ಹಾಕುವ ಕೈ ಬೋರ್ಡಿನ ದೀಪವನ್ನೂ ಹಾಕಬೇಕು. ಅಷ್ಟೇ.

ಹೆಡ್‌ಲೈಟ್ ಇದೆಯಲ್ಲ, ಆ ಬೆಳಕಲ್ಲಿ ಬೋರ್ಡು ಓದಬಹುದಲ್ವಾ ಎಂದು ಕೇಳುವವರಿದ್ದಾರೆ. ಮನೆಯಲ್ಲೇ ಮಾಡಿ ನೋಡಿ. ಕರೆಂಟು ಹೋದಾಗ ಮಗನ ಕೈಗೆ ಟಾರ್ಚು ಕೊಟ್ಟು ನಿಮ್ಮ ಕಡೆ ಬಿಡಲು ಹೇಳಿ. ಇನ್ನೊಂದು ಕೈಯಲ್ಲಿ, ಟಾರ್ಚಿಗಿಂತ ಸ್ವಲ್ಪ ಮೇಲೆ, ಅವನು ಕ್ಯಾಲೆಂಡರ್ ಹಿಡಿದುಕೊಳ್ಳಲಿ. ಈಗ ತಾರೀಕು ಓದಿ. ಆಗುವುದಿಲ್ಲ. ಬೆಳಕೆಲ್ಲ ನಿಮ್ಮ ಕಡೆ ಬರುತ್ತದೆ, ಕ್ಯಾಲೆಂಡರಿನ ಮೇಲೆ ಬೀಳುವುದಿಲ್ಲ. ಮೇಲಾಗಿ, ಎದುರಿನ ಬೆಳಕಿಗೆ ನಿಮ್ಮ ಕಣ್ಣಿನ ಪಾಪೆ ಕಿರಿದಾಗುತ್ತದೆ. ಬಸ್ಸಿನ ಮುಂದೆ ನಿಂತವರ ಕಥೆಯೂ ಇದೇ.

ವಯಸ್ಸಾದವರಿಗೆ ಇದು ಇನ್ನೂ ಕಷ್ಟ. ಮಬ್ಬು ಬೆಳಕಿನಲ್ಲಿ ಇಪ್ಪತ್ತು ವರ್ಷದವರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತು ವರ್ಷದವರಿಗೆ ಮುಟ್ಟುತ್ತದೆ. ಪೊರೆ ಬೇರೆ ಬಂದಿದ್ದರೆ ಹೆಡ್‌ಲೈಟಿನ ಸುತ್ತ ಬೆಳಕು ಹರಡಿಕೊಂಡು ಇಡೀ ಬಸ್ಸೇ ಕರಗಿದ ಹಾಗೆ ಕಾಣುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಬಸ್ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದರೆ ಒಂದು ಸೆಕೆಂಡಿಗೆ 8 ಮೀಟರ್ ದಾಟುತ್ತದೆ. ಬೋರ್ಡು ಬೆಳಗುತ್ತಿದ್ದು 50 ಮೀಟರ್ ದೂರದಿಂದಲೇ ಓದಲು ಸಿಕ್ಕರೆ ನಿಮಗೆ 6 ಸೆಕೆಂಡು ಇದೆ. ಚೀಲ ಎತ್ತಿಕೊಳ್ಳಬಹುದು, ಮಗುವಿನ ಕೈ ಹಿಡಿಯಬಹುದು, ಚಾಲಕರಿಗೆ ಕಾಣುವ ಹಾಗೆ ಕೈ ಅಡ್ಡ ಮಾಡಬಹುದು. ಬೋರ್ಡು ಕತ್ತಲಾಗಿದ್ದು 10 ಮೀಟರಿಗೆ ಬಂದಾಗ ಕಂಡರೆ, ಒಂದು ಸೆಕೆಂಡಿಗಿಂತ ಚೂರು ಜಾಸ್ತಿ. ಅಷ್ಟರಲ್ಲಿ ಏನು ಮಾಡೋದು?

ಕಳೆದ ಆಷಾಢದಲ್ಲಿ ನಾನೇ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಅರೆಮಲೆನಾಡಿನ ಸೋನೆ ಮಳೆ ನಿಮಗೆ ಗೊತ್ತೇ ಇದೆ. ಜೋರಾಗಿ ಬರುವುದಿಲ್ಲ, ನಿಲ್ಲುವುದೂ ಇಲ್ಲ. ರಾತ್ರಿ ಏಳೂಮುಕ್ಕಾಲು ಇರಬೇಕು. ನಾನು ಸಾಲಗಾಮೆ ರಸ್ತೆಯ ಬಸ್ಸಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬರು ಅಮ್ಮ, ಐವತ್ತೈದು ದಾಟಿರಬೇಕು, ಸ್ಟೀಲ್ ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಮೊಮ್ಮಗನಿಗೆ ಇಡ್ಲಿ ಒಯ್ಯುತ್ತಿದ್ದರು.

ಮಾತಿಗೆ ಮಾತು ಬಂದು, ಸಾಲಗಾಮೆಗೆ ಹೋಗಬೇಕು ಅಂದರು. ನನಗೆ ಓದೋಕೆ ಬರಲ್ಲ, ಆದರೆ ನಮ್ಮೂರ ಬೋರ್ಡಿನ ಗುರುತು ಗೊತ್ತು ಅಂದರು. ಹೇಗೆ ಎಂದು ಕೇಳಿದೆ. ಬೆರಳಲ್ಲಿ ಡಬ್ಬಿಯ ಮುಚ್ಚಳದ ಮೇಲೆ ಬರೆದು ತೋರಿಸಿದರು. ಮೊದಲಿಗೆ ಒಂದು ಕೊಕ್ಕೆ, ಕೊನೆಗೆ ಒಂದು ಸುರುಳಿ. ಆ ಕೊಕ್ಕೆ ನಮ್ಮ 'ಸಾ', ಆ ಸುರುಳಿ 'ಮೆ'. ಮೂವತ್ತು ವರ್ಷ ಪಾಠ ಮಾಡಿದ ನನಗೆ ಅವತ್ತು ಗೊತ್ತಾಯಿತು, ಬೋರ್ಡು ಓದು ಬಲ್ಲವರಿಗೆ ಮಾತ್ರ ಇರುವುದಲ್ಲ ಎಂದು.

ಬಸ್ ಬಂತು. ಹೆಡ್‌ಲೈಟ್ ಇತ್ತು, ಬೋರ್ಡು ಕತ್ತಲು. ಜನ ಎಲ್ಲ ಬಾಗಿಲಿಗೆ ಮುತ್ತಿಕೊಂಡರು. ಎಲ್ಲರ ಬಾಯಲ್ಲೂ ಒಂದೇ ಮಾತು, ಇದು ಎಲ್ಲಿಗೆ, ಇದು ಎಲ್ಲಿಗೆ. ಕಂಡಕ್ಟರ್ ಒಳಗೆ ಚಿಲ್ಲರೆ ಕೊಡುತ್ತಿದ್ದರು. ಮಳೆಯ ಸದ್ದು ಬೇರೆ. ಆ ಅಮ್ಮ ಎದ್ದು ಬಂದರು, ತಲೆ ಎತ್ತಿ ಬೋರ್ಡು ನೋಡಿದರು, ಅಲ್ಲಿ ಕೊಕ್ಕೆಯೂ ಇಲ್ಲ, ಸುರುಳಿಯೂ ಇಲ್ಲ. ಹಿಂದೆ ಸರಿದರು. ಒಮ್ಮೆ ಹೀಗೇ ತಪ್ಪು ಬಸ್ ಹತ್ತಿ ಡೇರಿ ವೃತ್ತದಿಂದ ನಡೆದುಕೊಂಡು ಬಂದಿದ್ದರಂತೆ. ಆ ಭಯ. ನಾನು ನುಗ್ಗಿ ಹತ್ತಿದೆ. ಒಳಗೆ ಕೇಳಿದರೆ ಅದೇ ಸಾಲಗಾಮೆ ಬಸ್. ತಿರುಗಿ ಕೂಗುವಷ್ಟರಲ್ಲಿ ಗಾಡಿ ಹೊರಟಿತ್ತು. ಕಂಡಕ್ಟರಿಗೆ ಹೇಳಿದೆ. ಪಾಪ, ತಕ್ಷಣ ಸೀಟಿ ಊದಿದರು. ಗಾಡಿ ಸ್ವಲ್ಪ ಮುಂದೆ ಹೋಗಿ ನಿಂತಿತು. ಆದರೆ ಆ ಅಮ್ಮ ಆಗಲೇ ಬೆಂಚಿಗೆ ವಾಪಸ್ ಹೋಗಿದ್ದರು. ತನಗಾಗಿ ಬಸ್ ನಿಂತಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಹೊರಟೆವು.

ನನ್ನ ಮನೆಯ ನಿಲ್ದಾಣ ಬಂದರೂ ನಾನು ಇಳಿಯಲಿಲ್ಲ. ಕೊನೆಯ ಸ್ಟಾಪಿನವರೆಗೂ ಹೋದೆ. ಅಲ್ಲಿ ಚಾಲಕರನ್ನು ಕೇಳಿದೆ, ಬೋರ್ಡು ಒಮ್ಮೆ ನೋಡಬಹುದಾ ಎಂದು. ಒಳ್ಳೆಯ ಮನುಷ್ಯ. ಎರಡು ವಾರದಿಂದ ಹೀಗೇ ಇದೆ ಸಾರ್, ಬೋರ್ಡೇ ಸುಟ್ಟುಹೋಗಿದೆ ಅಂದುಕೊಂಡಿದ್ದೆ ಎಂದರು. ಸ್ವಿಚ್ಚು ಆಫ್ ಮಾಡಿಸಿ ಒಳಗಿನ ಮುಚ್ಚಳ ತೆಗೆದೆ. ಅವರು ಮೊಬೈಲ್ ಬೆಳಕು ಹಿಡಿದರು. ಫ್ಯೂಸು ಸರಿಯಾಗೇ ಇತ್ತು. ಅದರಾಚೆ ಬೋರ್ಡಿಗೆ ಹೋಗುವ ವೈರಿನ ಕನೆಕ್ಟರ್. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಎಳೆದರೆ ಸಲೀಸಾಗಿ ಕೈಗೆ ಬಂತು. ಪಿನ್ನಿನ ಮೇಲೆ ಹಸಿರು ಕಿಲುಬು. ಮಳೆ ನೀರು ಎಲ್ಲೋ ಒಸರಿ ಅಲ್ಲಿಗೆ ಇಳಿದಿತ್ತು. ಜೇಬಿನಲ್ಲಿದ್ದ ಮನೆಯ ಬೀಗದ ಕೈಯಿಂದ ಕಿಲುಬು ಕೆರೆದೆ. ಬಟ್ಟೆಯಲ್ಲಿ ಒರೆಸಿ ಗಟ್ಟಿಯಾಗಿ ಕೂರಿಸಿದೆ. ಸ್ವಿಚ್ಚು ಹಾಕಿ ಅಂದೆ.

ಹಳದಿ ಅಕ್ಷರ ಬಂತು. ಒಂದೇ ನಿಮಿಷದಲ್ಲಿ ಮಳೆಹುಳುಗಳು ಬಂದು ಮುತ್ತಿದವು. ಒಟ್ಟು ಕೆಲಸ ಐದು ನಿಮಿಷ. ಖರ್ಚು ಒಂದು ಪೈಸೆಯೂ ಇಲ್ಲ.

ಮುಂದಿನ ಸಾಲಗಾಮೆ ಟ್ರಿಪ್ಪೂ ಅದೇ ಗಾಡಿಯದು. ವಾಪಸ್ ಹಾಸನಕ್ಕೆ ಬಂದಾಗ ಒಂಬತ್ತರ ಹತ್ತಿರ. ಚಾಲಕರು ಬೋರ್ಡಿನ ಹೆಸರು ಬದಲಾಯಿಸಿ ಗಾಡಿಯನ್ನು ನಿಲ್ದಾಣದ ಕಡೆ ತಿರುಗಿಸಿದರು. ಆ ಅಮ್ಮ ಇನ್ನೂ ಅಲ್ಲೇ ಕೂತಿದ್ದರು. ಗಾಡಿ ಇನ್ನೂ ದೂರ ಇರುವಾಗಲೇ ಎದ್ದು ನಿಂತರು. ಡಬ್ಬಿ ಕಂಕುಳಿಗೆ ಹೋಯಿತು. ಯಾರನ್ನೂ ಏನನ್ನೂ ಕೇಳದೆ ಹತ್ತಿದರು.

ಒಂದು ಗಂಟೆಗೂ ಜಾಸ್ತಿ ಅವರು ಆ ಮಳೆಯಲ್ಲಿ ಕೂತಿದ್ದು ಒಂದು ಚೂರು ಕಿಲುಬಿನಿಂದ. ಅದಕ್ಕೇ ಮತ್ತೆ ಹೇಳುತ್ತೇನೆ, ಹೆಡ್‌ಲೈಟ್ ಹಾಕುವ ಕೈ ಬೋರ್ಡಿನ ದೀಪವನ್ನೂ ಹಾಕಬೇಕು. ಹಾಕಿದ ಮೇಲೆ ಕೆಳಗಿಳಿದು, ಗಾಡಿಯ ಮುಂದೆ ಬಂದು, ಹತ್ತಿದೆಯಾ ಎಂದು ನೋಡಬೇಕು. ಚಾಲಕರ ಸೀಟಿನಿಂದ ಬೋರ್ಡಿನ ಮುಖ ಕಾಣುವುದಿಲ್ಲ. ಎರಡು ವಾರ ಕತ್ತಲಾಗಿದ್ದರೂ ಒಳಗೆ ಕೂತವರಿಗೆ ಅದರ ಬಿಸಿ ತಟ್ಟುವುದಿಲ್ಲ.

ಬೋರ್ಡು ಹಾಕಿದರೆ ಬ್ಯಾಟರಿ ಇಳಿಯುತ್ತದೆ ಎಂದು ಕೆಲವರು ಬೇಕೆಂದೇ ಆರಿಸುತ್ತಾರೆ. ದಯವಿಟ್ಟು ಈ ಮಾತು ಬಿಡಿ. ದೊಡ್ಡ ಬಸ್ಸಿನಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟು. ಇಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು ತುಂಬಿಸುತ್ತಲೇ ಇರುತ್ತದೆ. ಎರಡು ಹೆಡ್‌ಲೈಟ್ ಎಳೆಯುವಷ್ಟು ವಿದ್ಯುತ್ತೂ ಎಲ್‌ಇಡಿ ಬೋರ್ಡಿಗೆ ಬೇಡ. ಇನ್ನು ಕೆಲವರು, ಅಕ್ಷರದ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಾರೆ. ಅದು ನಿಜವಾದ ತೊಂದರೆ, ನಾನು ಒಪ್ಪುತ್ತೇನೆ. ಅದಕ್ಕೆ ಬೋರ್ಡಿನ ಸುತ್ತ, ಗಾಜಿಗೆ ತಾಗುವ ಹಾಗೆ, ಕಪ್ಪು ರಬ್ಬರ್ ಪಟ್ಟಿ ಕೂರಿಸಿದರೆ ಸಾಕು. ದೀಪ ಆರಿಸುವುದು ಮದ್ದಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನಮ್ಮ ಕನ್ನಡಕ್ಕೆ ಒತ್ತಕ್ಷರ ಇದೆ. ಅದು ಕೆಳಗಿನ ಸಾಲಿನಲ್ಲಿ ಕೂರುತ್ತದೆ. ಬೋರ್ಡಿನ ಕೆಳಗಿನ ಸಾಲಿನ ದೀಪ ಸತ್ತರೆ 'ತಣ್ಣೀರುಹಳ್ಳ' ಹೋಗಿ 'ತಣೀರುಹಳ' ಆಗುತ್ತದೆ. ಅರ್ಧ ಬೆಳಗುವ ಬೋರ್ಡೂ ಕೆಟ್ಟ ಬೋರ್ಡೇ, ಸರಿ ಮಾಡಿಸಬೇಕು. ಹಾಗೆಯೇ ಹೆಸರು ಓಡುತ್ತಾ ಹೋಗಬಾರದು, ನಿಂತಿರಬೇಕು. ಓಡುವ ಬಸ್ಸಿನ ಮೇಲೆ ಓಡುವ ಅಕ್ಷರ ಯಾರ ಕಣ್ಣಿಗೆ ಸಿಗುತ್ತದೆ?

ಇದೇನು ನನ್ನ ಹೊಸ ಬೇಡಿಕೆ ಅಲ್ಲ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ನಗರ ಬಸ್ಸುಗಳಿಗೆ 2008ರಲ್ಲೇ ಮಾನದಂಡ ಮಾಡಿ, 2013ರಲ್ಲಿ ಅದನ್ನು ಪರಿಷ್ಕರಿಸಿತು. ಎಲ್‌ಇಡಿ ಬೋರ್ಡು ಅದರಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಸಾರಿಗೆ ಎಲ್ಲರ ಕೈಗೆಟುಕಬೇಕು ಎನ್ನುತ್ತದೆ. ಕಿವಿ ಕೇಳದ, ಮಾತು ಬಾರದ ಒಬ್ಬರನ್ನು ನೆನೆಸಿಕೊಳ್ಳಿ. ಇದು ಎಲ್ಲಿಗೆ ಎಂದು ಅವರು ಕತ್ತಲಲ್ಲಿ ಯಾರನ್ನು ಕೇಳಬೇಕು? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹೆಂಗಸರು ಜಾಸ್ತಿ ಓಡಾಡುತ್ತಿದ್ದಾರೆ, ಒಬ್ಬೊಬ್ಬರೇ ರಾತ್ರಿ ಕೆಲಸ ಮುಗಿಸಿ ಬರುತ್ತಾರೆ. ಅವರು ಬೀದಿಯಲ್ಲಿ ಅಪರಿಚಿತರನ್ನು ಬಸ್ಸಿನ ವಿಷಯ ಕೇಳುತ್ತಾ ನಿಲ್ಲುವಂತೆ ಆಗಬಾರದು.

ಕೇಳುಗರು ಮಾಡಬಹುದಾದ ಕೆಲಸವೂ ಇದೆ. ಕತ್ತಲ ಬೋರ್ಡು ಕಂಡರೆ ಗಾಡಿ ನಂಬರ್, ಸಮಯ, ನಿಲ್ದಾಣ, ಈ ಮೂರನ್ನು ಬರೆದುಕೊಳ್ಳಿ. ಬಸ್ ನಿಲ್ದಾಣದ ಕಂಟ್ರೋಲರ್ ಹತ್ತಿರ ಸಮಾಧಾನದಿಂದ ಹೇಳಿ. ಸುಮ್ನೆ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಸಾಲದು. ಎಲ್‌ಇಡಿ ದೀಪಗಳು ಕಣ್ಣಿಗೆ ಗೊತ್ತಾಗದಷ್ಟು ಬೇಗ ಹತ್ತಿ ಆರುತ್ತಿರುತ್ತವೆ. ಹಾಗಾಗಿ ಚೆನ್ನಾಗಿರುವ ಬೋರ್ಡೂ ಫೋಟೊದಲ್ಲಿ ಅರ್ಧ ಮಾತ್ರ ಕಾಣಬಹುದು. ಗಾಡಿ ನಂಬರ್ ಇದ್ದರೆ ಮೆಕ್ಯಾನಿಕ್ ನೇರವಾಗಿ ಆ ಗಾಡಿಯ ಹತ್ತಿರವೇ ಹೋಗುತ್ತಾರೆ.

ಗಾಜಿನ ಆಚೆಯಿಂದ ಸಮಯ ಆಯಿತು ಎಂದು ಕೈ ತೋರಿಸುತ್ತಿದ್ದಾರೆ. ಹೊರಗೆ ಪೂರ್ತಿ ಕತ್ತಲಾಗಿದೆ. ಚಾಲಕ ಮಿತ್ರರು ಯಾರಾದರೂ ಮುಂದಿನ ಟ್ರಿಪ್ಪಿಗೆ ಕಾಯುತ್ತಾ ಇದನ್ನು ಕೇಳುತ್ತಿದ್ದರೆ, ಆ ಸ್ವಿಚ್ಚು ಹಾಕಿ, ಇಳಿದು ಮುಂದೆ ಬಂದು ಒಂದು ಸಲ ತಲೆ ಎತ್ತಿ ನೋಡಿಬಿಡಿ. ನಮಸ್ಕಾರ.