ಒಂದರಿಂದ ಐದನೇ ಕ್ಲಾಸಿಗೆ ಹಾಡು ಕಲಿಸೋರು ಯಾರು?

ನಮಸ್ಕಾರ. ಮುಂಬೈಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಐದನೇ ಕ್ಲಾಸಿನವರೆಗೆ ಹಾಡು ಕಲಿಸೋದು ಕ್ಲಾಸ್ ಟೀಚರ್ ಕೆಲಸ ಆಗಬೇಕು, ದಿನಾ ಆಗಬೇಕು. ಅದಕ್ಕೆ ಬೇಕಾದ ತಯಾರಿ ನಮ್ಮಂಥವರಿಗೆ ಡಿ.ಎಲ್.ಎಡ್.ನಲ್ಲೇ, ಅಂದ್ರೆ ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ ಕೋರ್ಸಿನಲ್ಲೇ, ಸಿಗಬೇಕು. ಇವತ್ತು ನಾನು ಹೇಳೋಕೆ ಬಂದಿರೋದು ಇದನ್ನೇ.

ನಾನು ಡಿ.ಎಲ್.ಎಡ್. ಎರಡನೇ ವರ್ಷದಲ್ಲಿದ್ದೀನಿ. ಇಂಟರ್ನ್‌ಶಿಪ್‌ಗೆ ಸಿಕ್ಕಿದ್ದು ಕನ್ನಡ ಮಾಧ್ಯಮದ ಒಂದು ಪ್ರಾಥಮಿಕ ಶಾಲೆ. ಹೆಚ್ಚಿನ ಮಕ್ಕಳ ಅಪ್ಪ-ಅಮ್ಮ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಟೈಮ್‌ಟೇಬಲ್‌ನಲ್ಲಿ ಸಂಗೀತ ಇದೆ. ಆ ಪಿರಿಯಡ್‌ನಲ್ಲಿ ಉಳಿದುಹೋದ ಗಣಿತ ನಡೆಯುತ್ತೆ, ಇಲ್ಲಾಂದ್ರೆ ಟೀಚರ್ ಕಂಪ್ಯೂಟರ್ ಮುಂದೆ ಕೂತು ಯಾವುದೋ ಆನ್‌ಲೈನ್ ಮಾಹಿತಿ ತುಂಬ್ತಿರ್ತಾರೆ. ಅವರನ್ನ ದೂರಿ ಪ್ರಯೋಜನ ಇಲ್ಲ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ಶಿಕ್ಷಕರನ್ನ ಕಳಿಸಬಹುದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನೇ ಹೇಳುತ್ತೆ. ಹೋದವರ ಕ್ಲಾಸನ್ನ ಪಕ್ಕದ ಕ್ಲಾಸಿನವರು ನೋಡ್ಕೋಬೇಕು.

ಹಾಡು ನಿಜವಾಗಿ ಶಾಲೆಗೆ ಬರೋದು ಗ್ಯಾದರಿಂಗ್, ಅಂದ್ರೆ ಶಾಲಾ ವಾರ್ಷಿಕೋತ್ಸವ, ಹತ್ತಿರ ಬಂದಾಗ. ಮೊಬೈಲಲ್ಲಿ ಟ್ರ್ಯಾಕ್, ಬ್ಲೂಟೂತ್ ಸ್ಪೀಕರ್, ಚೆನ್ನಾಗಿ ಹಾಡೋ ನಾಲ್ಕೈದು ಮಕ್ಕಳು ಮೈಕಿನ ಮುಂದೆ. ಉಳಿದವರು ಹಿಂದಿನ ಸಾಲಿಗೆ. ಮೂರನೇ ಕ್ಲಾಸಿನ ಒಬ್ಬ ಹುಡುಗನಿಗೆ, "ನೀ ಹಾಡಬ್ಯಾಡ, ಬಾಯಿ ಅಷ್ಟೇ ಆಡಸು," ಅಂತ ಹೇಳಿದ್ದು ನನ್ನ ಕಿವಿಗೇ ಬಿತ್ತು. ಗ್ಯಾದರಿಂಗ್ ಮುಗೀತು. ಆದರೆ ಆ ಹುಡುಗ ಬೆಳಗಿನ ಪರಿಪಾಠದಲ್ಲಿ (ಪ್ರಾರ್ಥನೆಯ ಹೊತ್ತಲ್ಲಿ) ಈಗಲೂ ರಾಷ್ಟ್ರಗೀತೆಗೆ ಬಾಯಿ ಮಾತ್ರ ಆಡಿಸ್ತಾನೆ, ಪಕ್ಕದಲ್ಲಿ ನಿಂತು ನೋಡಿದ್ದೀನಿ, ಧ್ವನಿಯೇ ಇಲ್ಲ. ಇದು ನನಗೆ ಸಹಿಸೋಕಾಗದ ವಿಷಯ.

ಅದೇ ಹುಡುಗ ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗೆ ನಿಂತು ಗೆಳೆಯನನ್ನ "ಬಾ...ರೋ" ಅಂತ ಕರೀತಾನೆ. ಎರಡು ಸ್ವರ, ಮೇಲಿಂದ ಕೆಳಕ್ಕೆ. ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ, ಪಂಚಮದಿಂದ ಗಾಂಧಾರಕ್ಕೆ ಇಳಿಯುತ್ತೆ, ಸರಿಯಾಗಿ. ಹಂಗೇರಿಯ ಝೋಲ್ಟಾನ್ ಕೊಡಾಯ್ ಅನ್ನೋ ಸಂಗೀತಗಾರರ ವಿಚಾರಗಳ ಮೇಲೆ ಬೆಳೆದ ಶಾಲಾ ಪದ್ಧತಿಯಲ್ಲಿ ಪುಟ್ಟ ಮಕ್ಕಳಿಗೆ ಮೊದಲು ಹಾಡಿಸೋದೇ ಈ ಇಳಿಕೆಯನ್ನ, ಯಾಕಂದ್ರೆ ಅದು ಮಕ್ಕಳ ಬಾಯಲ್ಲಿ ಆಗಲೇ ಇರುತ್ತೆ. ಸ್ವರ ಹಿಡಿಯೋ ಶಕ್ತಿ ಎಲ್ಲ ಮಕ್ಕಳಿಗೂ ಒಂದೇ ವಯಸ್ಸಿಗೆ ಬರಲ್ಲ. ಕೆಲವರು ಐದಕ್ಕೇ ಹಿಡೀತಾರೆ, ಕೆಲವರಿಗೆ ಎಂಟು-ಒಂಬತ್ತು ಆಗುತ್ತೆ, ಅದೂ ಹಾಡ್ತಾ ಹಾಡ್ತಾನೇ. ಹಿಂದಿನ ಸಾಲಿಗೆ ಕಳಿಸಿದ ಮಗುವಿಗೆ ಆ ಅವಕಾಶವೇ ಹೋಯ್ತು.

ಇನ್ನೊಂದು, ಶ್ರುತಿ, ಅಂದ್ರೆ ಹಾಡಿನ ಷಡ್ಜವನ್ನ (ಸ) ಎಷ್ಟು ಎತ್ತರದಲ್ಲಿ ಇಡಬೇಕು ಅನ್ನೋದು. ಇದರ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡಲ್ಲ. ನಮ್ಮ ಹೆಂಗಸರ ಧ್ವನಿಗೆ ಕಪ್ಪು ನಾಲ್ಕು, ಕಪ್ಪು ಐದು, ಅಂದ್ರೆ ಹಾರ್ಮೋನಿಯಂನ ನಾಲ್ಕನೇ, ಐದನೇ ಕಪ್ಪು ಮನೆ, ಹಿತ. ಆ ಷಡ್ಜ ಆರು ವರ್ಷದ ಮಗುವಿಗೆ ತೀರಾ ಕೆಳಗೆ. ಮಗು ಗೊರಗೊರ ಅನ್ನುತ್ತೆ, ಇಲ್ಲಾ ಮೇಲಿನ ಸಪ್ತಕಕ್ಕೆ ಹಾರಿ ಕಿರುಚುತ್ತೆ. ನಾವು ಅದನ್ನ ಬೇಸೂರು ಅಂತೀವಿ. ಮಧ್ಯ ಸಪ್ತಕದ ಬಿಳಿ ಎರಡಕ್ಕೆ ಷಡ್ಜ ಇಟ್ಟು, ಸ-ದಿಂದ ಪ ಅಥವಾ ಧ-ವರೆಗೆ ಮುಗಿಯೋ ಹಾಡು ಆರಿಸಿ. ಅರ್ಧ ಸಮಸ್ಯೆ ಅಲ್ಲಿಗೇ ಹೋಗುತ್ತೆ. ಇದಕ್ಕೆ ಸಂಗೀತ ವಿಶಾರದ ಆಗಬೇಕಿಲ್ಲ, ಮೊಬೈಲಲ್ಲಿ ತಂಬೂರಿ ಆ್ಯಪ್ ಇದ್ದರೆ ಸಾಕು. ಆದರೆ ನನ್ನ ಕೋರ್ಸಿನಲ್ಲಿ ಇದನ್ನ ಯಾರೂ ಹೇಳಿಕೊಡಲಿಲ್ಲ. ಕಲಾ ಶಿಕ್ಷಣ ಅಂದ್ರೆ ನಮಗೆ ಒಂದು ಫೈಲು: ಚಿತ್ರ ಅಂಟಿಸಬೇಕು, ಹಾಡಿನ ಸಾಲು ಬರೀಬೇಕು, ಸಹಿ ಹಾಕಿಸ್ಕೋಬೇಕು. ಬಾಯಿ ಬಿಟ್ಟು ಹಾಡಿ ತೋರಿಸು ಅಂತ ಯಾರೂ ಕೇಳಿಲ್ಲ.

ಪ್ರತ್ಯೇಕ ಸಂಗೀತ ಶಿಕ್ಷಕರನ್ನ ಕೊಡಲಿ ಅಂತ ನೀವು ಹೇಳಬಹುದು. ಕೊಟ್ಟರೆ ಬೇಡ ಅನ್ನೋರು ಯಾರು? ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಅಂತ ಇರೋದು ಆರರಿಂದ ಎಂಟನೇ ತರಗತಿಗೆ, ಅದೂ ಮಕ್ಕಳ ಸಂಖ್ಯೆ 100 ದಾಟಿದರೆ. ಒಂದರಿಂದ ಐದಕ್ಕೆ ಆ ಸಾಲೇ ಇಲ್ಲ. ಅಲ್ಲಿರೋದು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅನ್ನೋ ಲೆಕ್ಕ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತೆ, ಕನ್ನಡವೂ ಅದರಲ್ಲೊಂದು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಆದರೆ ಇಂಗ್ಲಿಷ್ ಮೀಡಿಯಂ ಸೆಳೆತಕ್ಕೆ ಕನ್ನಡದ ಹಾಜರಿ ಪಟ್ಟಿ ತೆಳ್ಳಗಾಗ್ತಾ ಬಂದಿರೋದು ನಮಗೆಲ್ಲ ಗೊತ್ತು. ನಮ್ಮ ಶಾಲೆಗಳಿಗೆ 100ರ ಲೆಕ್ಕ ಯಾವಾಗ ಸಿಗಬೇಕು? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ಕ್ಲಾಸಿನವರೆಗೆ ಕಲೆ ಕಡ್ಡಾಯ ಇರಲಿ ಅಂತು. 2020ರ ಶಿಕ್ಷಣ ನೀತಿ, ಕಲೆಯನ್ನ ಪಾಠದೊಳಗೇ ಸೇರಿಸಿ ಅಂತು. ಇದನ್ನ ಕ್ಲಾಸಿನಲ್ಲಿ ಮಾಡೋಕೆ ಇರೋದು ಕ್ಲಾಸ್ ಟೀಚರ್ ಒಬ್ಬರೇ.

ಮತ್ತೆ, ಎರಡು-ಮೂರು ಕ್ಲಾಸು ಒಂದೇ ಕೋಣೆಯಲ್ಲಿ ಕೂರೋ ನಮ್ಮಂಥ ಶಾಲೆಗೆ ಹಾಡಿನಷ್ಟು ಒದಗೋದು ಬೇರೇನಿದೆ? ಒಂದನೆಯವರಿಗೆ ಅಕ್ಷರ ಬರೆಸ್ತಾ ಇದ್ದರೆ ಮೂರನೆಯವರು ಸುಮ್ಮನೆ ಕೂರಬೇಕು. ಹಾಡಿದರೆ ಎಲ್ಲರೂ ಒಟ್ಟಿಗೆ. ಮಗ್ಗಿಯನ್ನ ನಾವು ಆಗಲೇ ರಾಗವಾಗಿ ಹೇಳಿಸ್ತೀವಲ್ಲ, "ಎರಡೊಂದ್ಲಿ ಎರಡು" ಅಂತ. ಅದನ್ನೇ ಸ್ವಲ್ಪ ಯೋಚಿಸಿ ಮಾಡಬಹುದು.

ನಾನು ಮಾಡಿ ನೋಡಿದ್ದನ್ನ ಹೇಳ್ತೀನಿ. ನಮ್ಮ ಮಕ್ಕಳು ಗಲ್ಲಿಯಲ್ಲಿ ಆಡೋದು ಹಿಂದಿ, ಅಂಗಡಿಯಲ್ಲಿ ಮರಾಠಿ. ಆ ಎರಡರ ಬರಹದಲ್ಲೂ ನಮ್ಮ ಹಾಗೆ ಎ-ಏ, ಒ-ಓ ಬೇರೆ ಬೇರೆ ಅಕ್ಷರ ಇಲ್ಲ. ಹಾಗಾಗಿ ಮಕ್ಕಳು ಬೆಳೆ ಅಂತ ಬರೀಬೇಕಾದಲ್ಲಿ ಬೇಳೆ ಬರೀತಾರೆ, ಕೊಡು ಹೋಗಿ ಕೋಡು ಆಗುತ್ತೆ. ಕೆಂಪು ಪೆನ್ನಲ್ಲಿ ತಿದ್ದಿದರೆ ಮರುದಿನ ಮತ್ತೆ ಅದೇ. ನಾನು ಅದನ್ನ ತಾಳಕ್ಕೆ ಹಾಕಿದೆ: ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಚಪ್ಪಾಳೆ ಹೊಡೆದು ಕೈ ಎಳೆಯೋದು. ಬೇ...ಳೆ ಅನ್ನುವಾಗ ಕೈ ದೂರ ಹೋಗ್ಬೇಕು, ಬೆಳೆ ಅನ್ನುವಾಗ ಹೋಗಬಾರದು. ಡಿಕ್ಟೇಶನ್ ಕೊಟ್ಟಾಗ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬರೆಯೋ ಮೊದಲು ಡೆಸ್ಕ್ ಕೆಳಗೆ ಕೈ ಎಳೆದು ನೋಡ್ಕೊಂಡಳು. ಆಮೇಲೆ ಬರೆದಳು, ಸರಿಯಾಗಿ.

ಹಾಡುಗಳಿಗೆ ಕೊರತೆಯೂ ಇಲ್ಲ. ಒಬ್ಬಳು ಬಂದು, "ಟೀಚರ್, ನಮ್ಮವ್ವ ಸೋಬಾನ ಹಾಡ್ತಾಳ್ರಿ," ಅಂದಳು. ಆ ಅವ್ವ ಶಾಲೆಗೆ ಬಂದು ಹಾಡಿದರು, ಸೆರಗು ತಲೆ ಮೇಲೆ ಎಳ್ಕೊಂಡು, ಗೋಡೆ ಕಡೆ ಮುಖ ಮಾಡಿ. ಮಕ್ಕಳು ಸೊಲ್ಲನ್ನ ತಿರುಗಿ ಹಾಡಿದರು. ನಾಲ್ಕೈದು ಸ್ವರದೊಳಗೇ ಸುತ್ತೋ ಹಾಡು ಅದು, ಮಕ್ಕಳ ಗಂಟಲಿಗೆ ಹೇಳಿ ಮಾಡಿಸಿದ್ದು.

ಹಿಂದೂಸ್ತಾನಿ ಸಂಗೀತವನ್ನ ಮನೆತನಗಳ (ಘರಾನೆಗಳ) ಬಾಗಿಲ ಹೊರಗೆ ತಂದ ಇಬ್ಬರಿಗೂ ಈ ಊರಿನ ನಂಟಿದೆ. ಸಂಗೀತ ವಿದ್ವಾಂಸ ವಿಷ್ಣು ನಾರಾಯಣ ಭಾತಖಂಡೆ 1860ರಲ್ಲಿ ಹುಟ್ಟಿದ್ದು ಮುಂಬೈಯ ವಾಲ್ಕೇಶ್ವರದಲ್ಲಿ. ಗಾಯಕ ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಕಟ್ಟಿದ ಗಾಂಧರ್ವ ಮಹಾವಿದ್ಯಾಲಯ ಅನ್ನೋ ಸಂಗೀತ ಶಾಲೆಯನ್ನ 1908ರಲ್ಲಿ ಮುಂಬೈಗೆ ತಂದರು. ಇವತ್ತು ಫೀಸು ಕಟ್ಟೋ ಮನೆಯ ಮಕ್ಕಳು ಕ್ಲಾಸಿಗೆ ಹೋಗಿ ಪರೀಕ್ಷೆ ಕಟ್ಟುತ್ತಾರೆ, ಕಟ್ಟಲಿ. ಗಾರೆ ಕೆಲಸದವರ ಮಗುವಿಗೆ ಶಾಲೆ ಬಿಟ್ಟರೆ ಬೇರೆ ಜಾಗ ಇಲ್ಲ.

ಡಿ.ಎಲ್.ಎಡ್. ಪಠ್ಯ ರೂಪಿಸೋರಿಗೆ ನನ್ನ ಬೇಡಿಕೆ ಸರಳ: ಫೈಲು ಬಿಡಿ. ವಾದ್ಯ ಇಲ್ಲದೆ, ಮಕ್ಕಳ ಶ್ರುತಿಯಲ್ಲಿ ಹತ್ತು ಹಾಡು ಕಲಿಸಿ ತೋರಿಸೋ ಪ್ರಾಕ್ಟಿಕಲ್ ಇಡಿ.

ಮುಂಬೈಯ ಕನ್ನಡ ಸಂಘಗಳ ಹಿರಿಯರಲ್ಲೂ ಒಂದು ವಿನಂತಿ. ನಿಮ್ಮಲ್ಲಿ ಭಜನಾ ಮಂಡಳಿಗಳಿವೆ, ತಾಳ ಹಿಡಿದು ದಶಕಗಟ್ಟಲೆ ಹಾಡಿದವರಿದ್ದಾರೆ, ಯಕ್ಷಗಾನದ ಭಾಗವತರಿದ್ದಾರೆ. ನಮ್ಮನ್ನ ಗ್ಯಾದರಿಂಗ್‌ಗೆ ಅತಿಥಿಯಾಗಿ ಬಂದು ನೋಡಬೇಡಿ. ವಾರಕ್ಕೊಂದು ಪಿರಿಯಡ್ ಹತ್ತಿರದ ಕನ್ನಡ ಶಾಲೆಗೆ ಬನ್ನಿ, ಇಡೀ ಕ್ಲಾಸಿಗೆ ಹಾಡಿಸಿ, ಜೊತೆಗೆ ಟೀಚರಿಗೂ ಕಲಿಸಿ. ಜೂನ್ ಮಧ್ಯಕ್ಕೆ ಶಾಲೆ ಶುರುವಾಗುತ್ತೆ. ಅದಕ್ಕೂ ಮುಂಚೆ ಮುಖ್ಯಶಿಕ್ಷಕರನ್ನ ಒಮ್ಮೆ ಭೇಟಿಯಾಗಿ ದಿನ, ಹೊತ್ತು ಗೊತ್ತು ಮಾಡ್ಕೊಳ್ಳಿ.