ಹಲ್ಲು ಹೋದ ಜಾಗವನ್ನು ಖಾಲಿ ಬಿಡಬೇಡಿ

ಆಕಾಶವಾಣಿ ಮಂಗಳೂರು ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಮಧ್ಯಾಹ್ನದ ಹೊತ್ತು. ಕೆಲವರು ಊಟ ಮುಗಿಸಿ ಅಡಿಕೆ ಸುಲಿಯುತ್ತಾ ಇರಬಹುದು. ಕೆಲವರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಇರಬಹುದು. ಕೈಗಳು ಅವುಗಳ ಕೆಲಸ ಮಾಡಲಿ, ಕಿವಿ ಮಾತ್ರ ಹದಿನೈದು ನಿಮಿಷ ನನಗೆ ಕೊಡಿ. ಹಾಂ, ನಾಲಗೆಗೂ ಒಂದು ಕೆಲಸ ಹೇಳುತ್ತೇನೆ, ಈಗಲೇ ಮಾಡಿ. ನಾಲಗೆಯನ್ನು ಬಾಯಿಯೊಳಗೆ ಒಂದು ಸುತ್ತು ಓಡಿಸಿ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಎಲ್ಲಾದರೂ ಹೊಂಡಕ್ಕೆ ಇಳಿಯಿತಾ? ಹಲ್ಲು ಇರಬೇಕಾದ ಕಡೆ ಖಾಲಿ ಉಂಟಾ? ಇದ್ದರೆ ಇವತ್ತಿನ ಮಾತು ನಿಮಗೇ.

ನಾನು ಉಡುಪಿಯಲ್ಲಿ ಹಲ್ಲಿನ ಡಾಕ್ಟರು. ಹೋದ ಹಲ್ಲಿನ ಜಾಗದಲ್ಲಿ ಬೇರೆ ಹಲ್ಲು ಕೂರಿಸುವುದೇ ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ. ಆಕಾಶವಾಣಿಯವರು "ಇಂಪ್ಲಾಂಟ್ ಹಲ್ಲಿನ ಬಗ್ಗೆ ಹೇಳಿ" ಎಂದರು. ಆಗಲಿ ಎಂದೆ. ಆದರೆ ಇವತ್ತು ನಾನು ಹಲ್ಲಿಗಿಂತ ಜಾಸ್ತಿ ಎಲುಬಿನ ಬಗ್ಗೆ ಮಾತಾಡುತ್ತೇನೆ. ದವಡೆಯ ಎಲುಬು.

ಹಲ್ಲು ಎಂದರೆ ನಮಗೆ ಕನ್ನಡಿಯಲ್ಲಿ ಕಾಣುವ ಬಿಳಿ ಭಾಗ ಮಾತ್ರ ನೆನಪಾಗುತ್ತದೆ. ಅದರ ಬೇರು ಒಳಗೆ ಎಲುಬಿನಲ್ಲಿ ಹೂತುಕೊಂಡಿದೆ. ನೀವು ಒಂದೊಂದು ತುತ್ತು ಅಗಿಯುವಾಗಲೂ ಬೇರು ಎಲುಬನ್ನು ಒತ್ತುತ್ತದೆ. ಆ ಒತ್ತಡವೇ ಎಲುಬನ್ನು ಗಟ್ಟಿಯಾಗಿ ಇಡುವುದು. ಹಲ್ಲು ಕೀಳಿಸಿದಿರಿ, ಆ ಜಾಗದ ಎಲುಬಿಗೆ ಕೆಲಸ ಹೋಯಿತು. ಕೆಲಸ ಇಲ್ಲದ ಎಲುಬನ್ನು ನಮ್ಮ ದೇಹ ಸುಮ್ನೆ ಸಾಕುವುದಿಲ್ಲ, ಕರಗಿಸುತ್ತದೆ. ಹಡಿಲು ಬಿಟ್ಟ ಗದ್ದೆಯನ್ನು ನೋಡಿದ್ದೀರಲ್ಲ? ಒಂದು ಮಳೆಗಾಲ ಕಳೆಯುವಾಗ ಬದು ಜರಿದಿರುತ್ತದೆ. ಇಲ್ಲಿಯೂ ಹಾಗೇ. ಮೊದಲ ಒಂದು ವರ್ಷದಲ್ಲೇ ಎಲುಬಿನ ಅಗಲ ಸುಮಾರು ಅರ್ಧದಷ್ಟು ಹೋಗಬಹುದು. ಅದರಲ್ಲೂ ಹೆಚ್ಚಿನ ಪಾಲು ಹೋಗುವುದು ಮೊದಲ ಮೂರು ತಿಂಗಳಲ್ಲಿ. ಹಲ್ಲೆಲ್ಲ ಬಿದ್ದ ಅಜ್ಜಿಯ ಗಲ್ಲವೂ ಮೂಗೂ ಹತ್ತಿರ ಬಂದ ಹಾಗೆ ಕಾಣುತ್ತದಲ್ಲ, ಪ್ರಾಯ ಒಂದೇ ಅದಕ್ಕೆ ಕಾರಣ ಎಂದುಕೊಳ್ಳಬೇಡಿ. ಒಳಗೆ ಎಲುಬು ಕರಗಿದೆ.

ಅದಕ್ಕೇ ಹೇಳುವುದು, ಹಲ್ಲು ಹೋದ ಜಾಗವನ್ನು ಖಾಲಿ ಬಿಡಬೇಡಿ. ಈ ಮಾತನ್ನು ಇವತ್ತು ನಾಲ್ಕೈದು ಸಲ ಹೇಳುತ್ತೇನೆ. ಬೇಜಾರು ಮಾಡಬೇಡಿ.

ಇನ್ನು ಇಂಪ್ಲಾಂಟ್ ಎಂದರೆ ಎಂತದು? ಒಂದು ಸ್ಕ್ರೂ, ಅಷ್ಟೇ. ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದ, ಟೈಟಾನಿಯಂ ಲೋಹದ್ದು. ಹೋದ ಬೇರಿನ ಜಾಗದಲ್ಲಿ ಅದನ್ನು ಎಲುಬಿಗೆ ತಿರುಗಿಸಿ ಕೂರಿಸುತ್ತೇವೆ. ಎಲುಬು ಅದನ್ನು ಹಿಡಿದುಕೊಂಡ ಮೇಲೆ ಅದಕ್ಕೊಂದು ಸಣ್ಣ ಗೂಟ ಜೋಡಿಸುತ್ತೇವೆ, ಗೂಟದ ಮೇಲೆ ಹಲ್ಲಿನ ಆಕಾರದ ಕ್ಯಾಪ್. ಅಗಿದಾಗ ಸ್ಕ್ರೂ ಎಲುಬನ್ನು ಒತ್ತುತ್ತದೆ. ಎಲುಬಿಗೆ ಮತ್ತೆ ಕೆಲಸ ಸಿಕ್ಕಿತು.

ಲೋಹವನ್ನು ಎಲುಬು ಹಿಡಿದುಕೊಳ್ಳುತ್ತದೆ ಎಂದು ಗೊತ್ತಾದದ್ದು ಒಂದು ಮೊಲದಿಂದ. 1952ರಲ್ಲಿ ಸ್ವೀಡನ್ನಿನಲ್ಲಿ ಬ್ರೋನೆಮಾರ್ಕ್ ಎಂಬ ಡಾಕ್ಟರು ಎಲುಬಿನೊಳಗೆ ರಕ್ತ ಹೇಗೆ ಓಡುತ್ತದೆ ಎಂದು ನೋಡಲು ಮೊಲದ ಕಾಲಿನ ಎಲುಬಿಗೆ ಟೈಟಾನಿಯಮ್ಮಿನ ಒಂದು ಸಣ್ಣ ಉಪಕರಣ ಕೂರಿಸಿದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಎಲುಬು ಅದನ್ನು ತನ್ನದೇ ಮಾಡಿಕೊಂಡಿತ್ತು. ಇದಕ್ಕೆ ಒಂದು ಮಾರುದ್ದದ ಹೆಸರುಂಟು, ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ನಿಮಗೆ ಬೇಡ. 1965ರಲ್ಲಿ ಅದೇ ಡಾಕ್ಟರು ಗೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ನಾಲ್ಕು ಸ್ಕ್ರೂ ಹಾಕಿದರು. ಹೀಗೆ ದವಡೆಗೆ ಟೈಟಾನಿಯಂ ಸ್ಕ್ರೂ ಹಾಕಿಸಿಕೊಂಡವರಲ್ಲಿ ಲಾರ್ಸನ್ ಅವರೇ ಮೊದಲಿಗರು. ಅವರು ತೀರಿಕೊಂಡದ್ದು 2006ರಲ್ಲಿ. ನಲವತ್ತು ವರ್ಷ ಆ ಸ್ಕ್ರೂಗಳು ಅವರಿಗೆ ಅಗಿದು ಕೊಟ್ಟವು. ನಮ್ಮ ಮಣಿಪಾಲದಲ್ಲಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದೂ ಅದೇ 1965ರಲ್ಲಿ. ಹಾಗಾಗಿ ಇದು ನಿನ್ನೆ ಮೊನ್ನೆ ಬಂದ ಹೊಸ ಫ್ಯಾಶನ್ ಎಂದು ಯಾರಾದರೂ ಹೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಈಗ ನಿಮಗೆ ಮಲ್ಪೆಯ ಒಬ್ಬ ಮೇಸ್ತ್ರಿಯವರ ಕಥೆ ಹೇಳಬೇಕು. ಹೆಸರು ಹೇಳುವುದಿಲ್ಲ. ಮರದ ಬೋಟು ಕಟ್ಟುವವರು, ರಿಪೇರಿ ಮಾಡುವವರು. ಅವರ ಎಡಗಡೆ ಕೆಳಗಿನ ಒಂದು ದವಡೆ ಹಲ್ಲನ್ನು ಎಲ್ಲೋ ಕೀಳಿಸಿದ್ದರು. ಕಿತ್ತವರು ಹತ್ತಿ ಕಚ್ಚಿಸಿ, ಮಾತ್ರೆ ಬರೆದು ಕೊಟ್ಟು ಕಳಿಸಿದರಂತೆ. ಮುಂದೇನು ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ನಾನು ಯಾರನ್ನೂ ದೂರುವುದಿಲ್ಲ. ಹೊಸದರಲ್ಲಿ ನಾನೂ ಎಷ್ಟೋ ಜನರಿಗೆ ಹೀಗೇ ಹತ್ತಿ ಕಚ್ಚಿಸಿ ಕಳಿಸಿದ್ದೇನೆ.

ಮೂರು ವರ್ಷ ಕಳೆದು ಹಲ್ಲು ಕ್ಲೀನ್ ಮಾಡಿಸಲು ನನ್ನ ಹತ್ತಿರ ಬಂದರು. ನೋಡಿದೆ. "ಮೇಸ್ತ್ರಿಯವರೇ, ಈ ಜಾಗ ಹೀಗೆ ಬಿಡುವುದು ಬೇಡ" ಎಂದೆ. "ಈಗ ಆಗುವುದಿಲ್ಲ ಡಾಕ್ಟ್ರೇ. ಆಗಸ್ಟಿನಲ್ಲಿ ಬರ್ತೇನೆ" ಎಂದರು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳನ್ನು ಮೇಲೆ ಎಳೆದಾಗಲೇ ಅವರಿಗೆ ಕೈತುಂಬ ಕೆಲಸ. ಸರಿ, ಆಗಸ್ಟು ಬಂತು. ಮೇಸ್ತ್ರಿಯವರು ಬರಲಿಲ್ಲ. ಮರುವರ್ಷ ಮತ್ತೆ ಸಿಕ್ಕಿದರು, ಮತ್ತೆ ಆಗಸ್ಟು. ಹೀಗೆ ಮೂರು ಆಗಸ್ಟು ಹೋಯಿತು. ಕೊನೆಗೆ ಅವರು ಬಂದದ್ದು ಬಲಗಡೆಯೂ ನೋವು ಶುರುವಾದ ಮೇಲೆ. ಎಡಗಡೆ ಅಗಿಯಲಿಕ್ಕಾಗದೆ ಆರು ವರ್ಷ ಬಲಗಡೆಯೇ ದುಡಿದಿತ್ತು ನೋಡಿ. ಖಾಲಿ ಜಾಗದ ಪಕ್ಕದ ಹಲ್ಲು ಹೊಂಡಕ್ಕೆ ವಾಲಿತ್ತು. ಮೇಲಿನ ಹಲ್ಲು ಎದುರಿಗೆ ಯಾರೂ ಇಲ್ಲವೆಂದು ಕೆಳಗೆ ಇಳಿದಿತ್ತು.

ಸ್ಕ್ಯಾನ್ ಮಾಡಿಸಿದೆವು. ಎಲುಬಿನ ಅಗಲ ಮೂರೂವರೆ ಮಿಲಿಮೀಟರ್. ಸ್ಕ್ರೂ 4 ಮಿಲಿಮೀಟರ್. ಅವರಿಗೆ ಹೇಗೆ ಹೇಳುವುದು ಎಂದು ನಾನು ಯೋಚನೆ ಮಾಡುತ್ತಿದ್ದೆ. ಅವರು ಕಂಪ್ಯೂಟರಿನ ಚಿತ್ರ ನೋಡಿ ತಾವೇ ಹೇಳಿದರು, "ಡಾಕ್ಟ್ರೇ, ಹಲಗೆ ಸಪುರ ಆಯಿತು. ಇಷ್ಟು ಸಪುರದ ಹಲಗೆಗೆ ಬೋಲ್ಟು ಹಾಕಿದರೆ ಸೀಳಿ ಹೋಗುತ್ತದೆ. ಎರಡೂ ಬದಿ ಮರ ಉಳಿಯಬೇಕು." ಇದನ್ನೇ ನಾವು ಕಾಲೇಜಿನಲ್ಲಿ ಒಂದು ಗಂಟೆ ಪಾಠ ಮಾಡುತ್ತೇವೆ! ಸ್ಕ್ರೂವಿನ ಸುತ್ತಲೂ ಒಂದು ಮಿಲಿಮೀಟರಾದರೂ ಎಲುಬು ಉಳಿಯಬೇಕು ಎಂದು.

ಅಲ್ಲಿಂದ ಮುಂದೆ ನಾನೇ ವಿದ್ಯಾರ್ಥಿ. ಮೊದಲು ಎಲುಬಿನ ಪುಡಿ ಹಾಕಿ ಜಾಗ ಅಗಲ ಮಾಡಿದೆವು. ಅದು ಗಟ್ಟಿಯಾಗಲು ಆರು ತಿಂಗಳು ಕಾದೆವು. ಆಮೇಲೆ ಸ್ಕ್ರೂ ಹಾಕುವ ದಿನ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಡ್ರಿಲ್ ತೆಗೆದುಕೊಂಡೆ. ಡ್ರಿಲ್ಲಿನ ತುದಿಗೆ ತಣ್ಣಗಿನ ನೀರು ಹರಿಯುವುದು ಕಂಡು ಬಾಯಿ ತೆರೆದುಕೊಂಡೇ ಹೆಬ್ಬೆರಳು ಎತ್ತಿ ತೋರಿಸಿದರು. ಮುಗಿದ ಮೇಲೆ ಕೇಳಿದೆ, ಎಂತ ಅದು ಹೆಬ್ಬೆರಳು? "ಗಟ್ಟಿ ಮರಕ್ಕೆ ಜೋರು ಡ್ರಿಲ್ ಬಿಟ್ಟರೆ ಒಳಗೆ ಕರಟಿ ಹೊಗೆ ಬರುತ್ತದೆ ಡಾಕ್ಟ್ರೇ. ಸುಟ್ಟ ತೂತಲ್ಲಿ ಬೋಲ್ಟು ನಿಲ್ಲುವುದಿಲ್ಲ. ನಿಮಗೆ ಗೊತ್ತುಂಟಾ ಇಲ್ವಾ ಅಂತ ನೋಡ್ತಾ ಇದ್ದೆ." ನಮಗೆ ಗೊತ್ತುಂಟು. ಎಲುಬಿಗೆ 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಾಗಿದರೆ ಸಾಕು, ಆ ಭಾಗ ಸಾಯುತ್ತದೆ. ಆದರೆ ಅದನ್ನು ಪುಸ್ತಕದಿಂದ ಕಲಿತವನು ನಾನು. ಅವರು ಕೈಯಿಂದ ಕಲಿತವರು.

ಒಂದೇ ಒಂದು ಕಡೆ ಅವರು ನನ್ನ ಮಾತು ಕೇಳಲಿಲ್ಲ. ಮೂರು ವಾರ ಬಿಟ್ಟು ಬಂದು, "ಈಗಲೇ ಹಲ್ಲು ಹಾಕಿ ಡಾಕ್ಟ್ರೇ, ಸ್ಕ್ರೂ ಕಲ್ಲಿನ ಹಾಗೆ ಉಂಟು. ದಿನಾ ರಾತ್ರಿ ಬೆರಳಲ್ಲಿ ಒತ್ತಿ ನೋಡ್ತೇನೆ" ಎಂದರು. ನನಗೆ ಎದೆ ಧಸಕ್ಕೆಂದಿತು. ಮೂರನೇ ವಾರವೇ ಬಹಳ ಸೂಕ್ಷ್ಮ. ಹಾಕಿದ ದಿನ ಸ್ಕ್ರೂ ಗಟ್ಟಿ ಇರುತ್ತದೆ, ಅದು ತಿರುಪಿನ ಬಿಗಿ. ಆಮೇಲೆ ಹಳೇ ಎಲುಬು ಸ್ವಲ್ಪ ಸವೆದು ಹೊಸ ಎಲುಬು ಬೆಳೆಯಬೇಕು. ಆ ನಡುವಿನ ವಾರಗಳಲ್ಲಿ ಹಿಡಿತ ಕಡಿಮೆಯಾಗುತ್ತದೆ. ಆಗ ಅಲುಗಾಡಿಸಿದರೆ ಎಲ್ಲ ಕೆಲಸ ನೀರಲ್ಲಿ ಹೋಮ. ಜೋರು ಮಾಡಿದೆ. ಅವರ ಹೆಂಡತಿಯನ್ನು ಒಳಗೆ ಕರೆದು, "ಅಮ್ಮ, ಇವರ ಬೆರಳು ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ" ಎಂದೆ. "ಅದು ನನ್ನಿಂದ ಸಾಧ್ಯ ಇಲ್ಲ ಡಾಕ್ಟ್ರೇ" ಎಂದರು ಆ ಅಮ್ಮ. ನಮ್ಮ ಪುಣ್ಯ, ಸ್ಕ್ರೂ ನಿಂತಿತು. ಮೂರು ತಿಂಗಳು ತುಂಬಿದ ಮೇಲೆ ಕ್ಯಾಪ್ ಹಾಕಿದೆ.

ಕ್ಯಾಪ್ ಹಾಕುವ ದಿನ ಅವರದ್ದೊಂದು ಪ್ರಶ್ನೆ. "ಉಪ್ಪುನೀರಲ್ಲಿ ಎಂತೆಂತ ಬೋಲ್ಟು ತುಕ್ಕು ಹಿಡಿದದ್ದು ನೋಡಿದ್ದೇನೆ. ಬಾಯಿ ಸಹ ಉಪ್ಪುನೀರೇ ಅಲ್ವಾ?" ಒಳ್ಳೇ ಪ್ರಶ್ನೆ. ಟೈಟಾನಿಯಂ ಗಾಳಿ ತಾಗಿದ ಕೂಡಲೇ ಮೈಮೇಲೆ ತಾನೇ ಒಂದು ತೆಳ್ಳಗಿನ ಪದರ ಕಟ್ಟಿಕೊಳ್ಳುತ್ತದೆ. ಗೀರಿದರೂ ಮತ್ತೆ ಕಟ್ಟುತ್ತದೆ. ಬೋಟಿಗೆ ಬಣ್ಣ ಬಳಿದ ಹಾಗೆ, ಆದರೆ ಬಳಿಯಲು ಮೇಸ್ತ್ರಿ ಬೇಡ. ಹೀಗೆಂದಾಗ ಅವರು ನಕ್ಕರು. "ಹಾಗಾದರೆ ಬೋಟಿಗೆ ಇದನ್ನೇ ಹಾಕಿದರೆ ಆಯಿತಲ್ಲ" ಎಂದರು. ಬೆಲೆ ಹೇಳಿದೆ. ಸುಮ್ಮನಾದರು.

ಲೆಕ್ಕ ಹಾಕಿ ನೋಡಿ. ಕಿತ್ತ ಕೂಡಲೇ ಬಂದಿದ್ದರೆ ಮೂರು ನಾಲ್ಕು ತಿಂಗಳಲ್ಲಿ ಮುಗಿಯುತ್ತಿದ್ದ ಕೆಲಸ, ವರ್ಷದ ಹತ್ತಿರ ಹೋಯಿತು. ಎಲುಬಿನ ಪುಡಿಯ ಖರ್ಚು ಬೇರೆ. ಮೂರು ಆಗಸ್ಟಿನ ಬೆಲೆ ಅದು. ಹಲ್ಲು ಹೋದ ಜಾಗವನ್ನು ಖಾಲಿ ಬಿಡಬೇಡಿ ಮಾರಾಯ್ರೇ.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಮೂರೇ ನಿಮಿಷವಂತೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಅಲುಗಾಡುವ ಹಲ್ಲು, ಹುಳುಕು ಹಲ್ಲು ಎಲ್ಲವನ್ನೂ ಕಿತ್ತು ಸ್ಕ್ರೂ ಹಾಕಿ ಎಂದು ನಾನು ಹೇಳುತ್ತಿಲ್ಲ. ರೂಟ್ ಕೆನಾಲ್ ಮಾಡಿ ಉಳಿಯುವ ಹಲ್ಲಾದರೆ ಉಳಿಸಿ. ಹುಟ್ಟಿದ ಹಲ್ಲಿಗೆ ಸಮ ಯಾವುದೂ ಇಲ್ಲ. ಉಳಿಯುವುದೇ ಇಲ್ಲವೆಂದಾದರೆ ಮಾತ್ರ ಕೀಳಿಸಿ. ಆದರೆ ಕುರ್ಚಿಯಿಂದ ಇಳಿಯುವ ಮೊದಲು, "ಡಾಕ್ಟ್ರೇ, ಈ ಜಾಗಕ್ಕೆ ಮುಂದೆ ಎಂತ?" ಎಂದು ಬಾಯಿಬಿಟ್ಟು ಕೇಳಿ.

ಬ್ರಿಡ್ಜ್, ಅಂದರೆ ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಸೇತುವೆಯ ಹಾಗೆ ಕೂರಿಸುವ ಹಲ್ಲು, ಅದು ಆಗುವುದಿಲ್ಲವಾ ಎಂದು ಕೇಳುತ್ತಾರೆ. ಆಗುತ್ತದೆ. ಆದರೆ ಅಕ್ಕಪಕ್ಕದ ಒಳ್ಳೇ ಹಲ್ಲು ಎರಡನ್ನು ಅರೆಯಬೇಕು, ಕೆಳಗಿನ ಎಲುಬು ಕರಗುವುದು ನಿಲ್ಲುವುದಿಲ್ಲ. ಪೂರ್ತಿ ಹಲ್ಲುಸೆಟ್ಟು ಇಟ್ಟುಕೊಂಡ ಹಿರಿಯರಿಗೆ ಒಂದು ಮಾತು. ಕೆಳಗಿನ ಸೆಟ್ಟು ಮಾತಾಡುವಾಗ ಎದ್ದು ಕುಣಿಯುತ್ತದೆ, ಚಕ್ಕುಲಿ ಬಿಡಿ, ಒಣ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ ಮುದ್ದೆ ಮಾಡಿಯೇ ತಿನ್ನಬೇಕು, ಅಲ್ವಾ? ಕೆಳಗೆ ಎರಡೇ ಎರಡು ಸ್ಕ್ರೂ ಹಾಕಿ ಸೆಟ್ಟನ್ನು ಅದಕ್ಕೆ ಗುಂಡಿ ಹಾಕಿದ ಹಾಗೆ ಕೂರಿಸಬಹುದು. ಎಪ್ಪತ್ತು ದಾಟಿದವರಿಗೂ ಹಾಕಿದ್ದೇನೆ. ಪ್ರಾಯ ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ. ಮೊದಲು ಸಕ್ಕರೆ ಇಳಿಸಿ, ಆಮೇಲೆ ಬನ್ನಿ. ಇನ್ನೊಂದು ಬೀಡಿ, ಸಿಗರೇಟು. ಹೊಗೆ ಎಳೆಯುವ ಬಾಯಿಯಲ್ಲಿ ಎಲುಬು ಸ್ಕ್ರೂವನ್ನು ಸರಿಯಾಗಿ ಹಿಡಿಯುವುದಿಲ್ಲ. ಬೀಡಿ ಕಟ್ಟುತ್ತಿರುವ ಅಕ್ಕಂದಿರು ಬೇಸರ ಮಾಡಬೇಡಿ, ನಾನು ಹೇಳುತ್ತಿರುವುದು ಸೇದುವವರಿಗೆ. ಎಲುಬು ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರು ಮರೆಯದೆ ಮೊದಲೇ ಹೇಳಿ. ಇಂಪ್ಲಾಂಟ್ ಹಲ್ಲು ಹುಳುಕಾಗುವುದಿಲ್ಲ ನಿಜ, ಆದರೆ ತಿಕ್ಕದಿದ್ದರೆ ಸುತ್ತಲಿನ ವಸಡು ಬಾತು ಎಲುಬು ಕರಗುತ್ತದೆ. ಮತ್ತೆ ಅದೇ ಎಲುಬು!

ಖರ್ಚು ಕಡಿಮೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಮಣಿಪಾಲ, ದೇರಳಕಟ್ಟೆ, ಮಂಗಳೂರಿನ ಕಾಲೇಜು ಆಸ್ಪತ್ರೆಗಳಲ್ಲಿ ಹೊರಗಿಗಿಂತ ಕಡಿಮೆಗೆ ಆಗುತ್ತದೆ, ಸ್ವಲ್ಪ ಜಾಸ್ತಿ ಸಲ ಓಡಾಡಬೇಕು. ಹೋಗಿ ವಿಚಾರಿಸಿ.

ಕೊನೆಗೆ ಗಲ್ಫಿನಿಂದ ಇಪ್ಪತ್ತು ದಿನದ ರಜೆಗೆ ಬಂದು, "ಹೊರಡುವುದರೊಳಗೆ ಮುಗಿಸಿ ಕೊಡಿ" ಎನ್ನುವವರಿಗೆ. ಎಲುಬಿಗೆ ವಿಮಾನದ ಟೈಮು ಗೊತ್ತಿಲ್ಲ. ಈ ರಜೆಯಲ್ಲಿ ಸ್ಕ್ರೂ, ಮುಂದಿನ ರಜೆಯಲ್ಲಿ ಹಲ್ಲು. ನಡುವೆ ಬೆರಳು ಹಾಕಿ ಒತ್ತಿ ನೋಡಬೇಡಿ.

ಬರೆದು ತಂದ ಹಾಳೆ ಇನ್ನೂ ಎರಡು ಉಳಿದಿದೆ. ಅದು ಮಲ್ಪೆಯ ಮೇಸ್ತ್ರಿಯವರ ತಪ್ಪು, ನನ್ನದಲ್ಲ. ನಮಸ್ಕಾರ.