ಹರ್ಮಟಾನ್ ಗಾಳಿಯಲ್ಲಿ ಕ್ರಿಸ್ಮಸ್

ಕೇಳುಗರೆಲ್ಲರಿಗೂ ನಮಸ್ಕಾರ.

1828ನೇ ಇಸವಿ, ಡಿಸೆಂಬರ್ 18. ಪಶ್ಚಿಮ ಆಫ್ರಿಕಾದ ಕಡಲತೀರ. ಇವತ್ತು ಘಾನಾ ಅನ್ನುವ ದೇಶಕ್ಕೆ ಆಗ ಗೋಲ್ಡ್ ಕೋಸ್ಟ್ ಅಂತ ಹೆಸರು. ಡೆನ್ಮಾರ್ಕಿನವರ ವಶದಲ್ಲಿದ್ದ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯ ಬಳಿ ಯುರೋಪಿನ ನಾಲ್ವರು ಯುವಕರು ಬಂದಿಳಿದರು. ನಾಲ್ವರೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪಾದ್ರಿಗಳು. ಕ್ರಿಸ್ಮಸ್ಸಿಗೆ ಒಂದೇ ವಾರ ಬಾಕಿ. ಅವರ ಊರಿನಲ್ಲಿ ಒಲೆಯ ಮುಂದೆ ಕೂರುವ ಕಾಲ ಅದು. ಇಲ್ಲಿ ಮೂವತ್ತು ಡಿಗ್ರಿ ಬಿಸಿಲು.

ಮುಂದಿನ ಕ್ರಿಸ್ಮಸ್ ಬರುವಷ್ಟರಲ್ಲಿ ಆ ನಾಲ್ವರಲ್ಲಿ ಮೂವರು ತೀರಿಕೊಂಡಿದ್ದರು. ಉಳಿದವರೊಬ್ಬರೂ 1831ರಲ್ಲಿ ತೀರಿಕೊಂಡರು.

ಬಾಸೆಲ್ ಮಿಷನ್ ಅಂದ ಕೂಡಲೇ ನಮಗೆ ಮಂಗಳೂರಿನ ಹೆಂಚು ನೆನಪಾಗುತ್ತದೆ, ಕಿಟೆಲ್ ಅವರ ನಿಘಂಟು ನೆನಪಾಗುತ್ತದೆ. ಮಂಗಳೂರಿಗೆ ಅವರು ಬಂದದ್ದು 1834ರಲ್ಲಿ. ಗೋಲ್ಡ್ ಕೋಸ್ಟಿಗೆ ಅದಕ್ಕಿಂತ ಮೊದಲೇ ಹೋಗಿದ್ದರು. ಆ ಕಥೆ ನಮ್ಮ ಕಡೆ ಕೇಳಿದವರು ಕಡಿಮೆ. ಇವತ್ತು ಆ ನಾಡಿನ ಪಾದ್ರಿಗಳ ಬದುಕನ್ನೂ, ಅಲ್ಲಿ ಬೇರುಬಿಟ್ಟ ಕ್ರಿಸ್ಮಸ್ಸನ್ನೂ ಸ್ವಲ್ಪ ನೋಡೋಣ.

1832ರಲ್ಲಿ ಇನ್ನೂ ಮೂವರನ್ನು ಕಳಿಸಿದರು. ಈ ಸಲ ಹುಷಾರಾಗಿ ಒಬ್ಬ ಡಾಕ್ಟರನ್ನೂ ಜೊತೆಗೆ ಸೇರಿಸಿದ್ದರು. ಕೆಲವೇ ವಾರಗಳಲ್ಲಿ ಮೊದಲು ತೀರಿಕೊಂಡದ್ದು ಆ ಡಾಕ್ಟರೇ. ಸ್ವಲ್ಪ ದಿನಕ್ಕೆ ಎರಡನೆಯವರು. ಮೂರನೆಯವರು ಆಂಡ್ರಿಯಾಸ್ ರೀಸ್ ಅನ್ನುವ ಡೇನಿಶ್ ಮನುಷ್ಯ. ಅವರಿಗೂ ಜ್ವರ ಹಿಡಿಯಿತು. ಆದರೆ ಅವರು ಬದುಕಿದರು. ಬದುಕಿಸಿದವರು ಅಲ್ಲಿನ ಒಬ್ಬ ನಾಟಿ ವೈದ್ಯರು.

ಜ್ವರ ಎಲ್ಲಿಂದ ಬರುತ್ತದೆ ಅನ್ನುವುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ಅಂದುಕೊಂಡಿದ್ದರು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರಲ್ಲಿ, ಅದೂ ನಮ್ಮ ಸಿಕಂದರಾಬಾದಿನಲ್ಲಿ. ಅಷ್ಟರೊಳಗೆ ಆ ತೀರದಲ್ಲಿ ಎಷ್ಟೋ ಗೋರಿಗಳು ಎದ್ದಿದ್ದವು.

ರೀಸ್ 1835ರಲ್ಲಿ ಕಡಲತೀರ ಬಿಟ್ಟು ಅಕ್ವಾಪಿಮ್ ಗುಡ್ಡಗಳ ಮೇಲಿನ ಅಕ್ರೊಪಾಂಗ್ ಎಂಬ ಊರಿಗೆ ಹೋದರು. ಅಲ್ಲಿ ಗಾಳಿ ತಂಪು. ಅಲ್ಲಿ ಮನೆ ಕಟ್ಟಿದರು. ಊರಿನವರು ಅವರನ್ನು 'ಮನೆ ಕಟ್ಟುವವನು' ಅಂತಲೇ ಕರೆದರು. ಬೋಧನೆಗಿಂತ ಗೋಡೆಯೇ ಜನಕ್ಕೆ ಹೆಚ್ಚು ಹಿಡಿಸಿತ್ತು ಅಂತ ಕಾಣುತ್ತದೆ. ಆಮೇಲೆ ಬಂದ ಇಬ್ಬರು ಪಾದ್ರಿಗಳೂ ಸತ್ತರು. 1840ರಲ್ಲಿ ರೀಸ್ ಯುರೋಪಿಗೆ ಮರಳಿದಾಗ ಲೆಕ್ಕ ಹೀಗಿತ್ತು: ಕಳಿಸಿದವರು ಒಂಬತ್ತು ಜನ, ಸತ್ತವರು ಎಂಟು ಜನ.

ಅಕ್ರೊಪಾಂಗಿನ ಅರಸ ಅಡ್ಡೊ ಡಂಕ್ವಾ ಹೇಳಿದರು ಅನ್ನುವ ಒಂದು ಮಾತು ಅಲ್ಲಿ ಇವತ್ತಿಗೂ ಪ್ರಚಲಿತ. ನಿಮ್ಮ ಪುಸ್ತಕ ಬಿಳಿಯರಿಗೆ ಕೊಟ್ಟದ್ದು. ಅದನ್ನು ಓದಬಲ್ಲ ಕಪ್ಪು ಜನರನ್ನು ತೋರಿಸಿ, ಆಮೇಲೆ ನಿಮ್ಮ ಮಾತು ಕೇಳುತ್ತೇವೆ. ಇದು ಅದರ ಸಾರ. ಅರಸ ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ?

ಈ ಮಾತಿಗೆ ಬಾಸೆಲ್‌ನವರು ಹುಡುಕಿದ ಉತ್ತರ ನಿಜಕ್ಕೂ ವಿಚಿತ್ರ. ಅವರು ಜಮೈಕಾಕ್ಕೆ ಹೋದರು. ಗುಲಾಮಗಿರಿಯಿಂದ ಬಿಡುಗಡೆ ಆಗಿದ್ದ ಆಫ್ರಿಕನ್ ಮೂಲದ ಕ್ರೈಸ್ತ ಕುಟುಂಬಗಳನ್ನು ಮಾತಾಡಿಸಿ ಒಪ್ಪಿಸಿದರು. 1843ರ ಏಪ್ರಿಲ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಡಗಿನಲ್ಲಿ ಗೋಲ್ಡ್ ಕೋಸ್ಟಿಗೆ ಬಂದರು. ಹಡಗುಗಳು ಸಂಕೋಲೆ ಹಾಕಿದ ಜನರನ್ನು ತುಂಬಿಕೊಂಡು ಹೋಗುತ್ತಿದ್ದ ದಾರಿ ಅದು. ಅದೇ ದಾರಿಯಲ್ಲಿ ಇವರು ಹಿಂದಕ್ಕೆ ಬಂದರು.

ಅವರು ಸಸಿ, ಬೀಜಗಳನ್ನೂ ತಂದಿದ್ದರು. ಅದರಲ್ಲಿ ಮಾವೂ ಇತ್ತು. ಮಾವಿನ ಪ್ರಯಾಣ ಸ್ವಲ್ಪ ಕೇಳಿ. ಮೂಲ ನಮ್ಮ ಕಡೆಯ ಮರ. ಹಿಂದೂ ಮಹಾಸಾಗರದ ದ್ವೀಪಗಳಿಗೆ ಹೋಯಿತು. 1782ರಲ್ಲಿ ಇಂಗ್ಲಿಷರು ಒಂದು ಫ್ರೆಂಚ್ ಹಡಗನ್ನು ಹಿಡಿದಾಗ ಅದರಲ್ಲಿದ್ದ ಮಾವಿನ ಸಸಿಗಳು ಜಮೈಕಾದ ಪಾಲಾದವು. ಅಲ್ಲಿಂದ ಈ ಕುಟುಂಬಗಳ ಜೊತೆ ಅಕ್ರೊಪಾಂಗ್. ಫರ್ ಮರ ಬೆಳೆಯದ ಆ ನಾಡಿನಲ್ಲಿ ಅಂಗಳದ ಮಾವಿನ ಮರಕ್ಕೇ ಕ್ರಿಸ್ಮಸ್ ಅಲಂಕಾರ ಮಾಡುವುದುಂಟು. ನಾವು ಬಾಗಿಲಿಗೆ ತೋರಣ ಕಟ್ಟುವ ಮರ ಅದು!

ಆ ಹಡಗಿನಲ್ಲಿ ಬಂದವರಲ್ಲಿ ಒಬ್ಬಳು ಕ್ಯಾಥರೀನ್ ಮಲ್ಗ್ರೇವ್. ಈ ಭಾಷಣದಲ್ಲಿ ಒಬ್ಬರ ಹೆಸರು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇವಳದ್ದು ಇಟ್ಟುಕೊಳ್ಳಿ. ಹುಟ್ಟಿದ್ದು ಅಂಗೋಲಾದಲ್ಲಿ. ಪುಟ್ಟ ಹುಡುಗಿಯಾಗಿದ್ದಾಗ ಗುಲಾಮರ ವ್ಯಾಪಾರಿಗಳು ಹಿಡಿದು ಹಡಗಿಗೆ ಹಾಕಿದರು. 1833ರಲ್ಲಿ ಆ ಹಡಗು ಜಮೈಕಾದ ಹತ್ತಿರ ಒಡೆಯಿತು. ಹುಡುಗಿ ಬದುಕಿ ದಡ ಸೇರಿದಳು. ಅಲ್ಲಿನ ಗವರ್ನರ್ ಆಗಿದ್ದ ಮಲ್ಗ್ರೇವ್ ಅವರ ಮನೆಯವರು ಅವಳನ್ನು ಸಾಕಿದರು. ಹೆಸರಿನಲ್ಲಿರುವ ಮಲ್ಗ್ರೇವ್ ಅಲ್ಲಿಂದ ಬಂದದ್ದು. ಓದಿ ಟೀಚರ್ ಆದಳು. ಗಂಡ ಜಾರ್ಜ್ ಥಾಂಪ್ಸನ್ ಜೊತೆ ಆಫ್ರಿಕಾಕ್ಕೆ ಬಂದು ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯ ಪಕ್ಕದ ಓಸುವಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದಳು. ಗಂಡನ ನಡತೆ ಸರಿಯಿರಲಿಲ್ಲ. 1849ರಲ್ಲಿ ವಿಚ್ಛೇದನ ಆಯಿತು. ಆ ಕಾಲದಲ್ಲಿ, ಅದೂ ಮಿಷನ್ನಿನ ಆವರಣದಲ್ಲಿ, ಇದು ಸಣ್ಣ ಮಾತಲ್ಲ.

1850ರಲ್ಲಿ ಜರ್ಮನಿಯ ಗೆರ್ಲಿಂಗನ್ ಊರಿನಿಂದ ಯೊಹಾನ್ನಸ್ ಸಿಮರ್‌ಮನ್ ಅನ್ನುವ ಪಾದ್ರಿ ಓಸುವಿಗೆ ಬಂದರು. ಮರುವರ್ಷ ಅವರು ಕ್ಯಾಥರೀನಳನ್ನು ಮದುವೆಯಾದರು. ಬಾಸೆಲ್‌ನಲ್ಲಿ ಕೂತು ಮಿಷನ್ ನಡೆಸುತ್ತಿದ್ದ ಕಮಿಟಿಯನ್ನು ಕೇಳಲೇ ಇಲ್ಲ.

ಇದು ಎಷ್ಟು ದೊಡ್ಡ ಧೈರ್ಯ ಅಂತ ತಿಳಿಯಬೇಕಾದರೆ ಆ ಕಮಿಟಿಯ ಕಟ್ಟುಪಾಡು ಗೊತ್ತಿರಬೇಕು. ಪಾದ್ರಿ ಅವಿವಾಹಿತನಾಗಿಯೇ ಹೋಗಬೇಕು. ಕೆಲವು ವರ್ಷ ಸೇವೆ ಮಾಡಿದ ಮೇಲೆ ಮದುವೆಗೆ ಅರ್ಜಿ ಹಾಕಿಕೊಳ್ಳಬೇಕು. ಕಮಿಟಿ ಒಪ್ಪಿದರೆ ಯುರೋಪಿನಿಂದ ಹೆಣ್ಣನ್ನು ಕಳಿಸುತ್ತಿದ್ದರು. ಎಷ್ಟೋ ಮಂದಿ ಹೆಣ್ಣುಮಕ್ಕಳು ಮುಖವನ್ನೇ ನೋಡದ ಗಂಡಿಗಾಗಿ ವಾರಗಟ್ಟಲೆ ಕಡಲಲ್ಲಿ ಪ್ರಯಾಣ ಮಾಡಿ ಬಂದರು. ಮಕ್ಕಳಾದರೆ ಶಾಲೆಯ ವಯಸ್ಸಿಗೆ ಅವರನ್ನು ಬಾಸೆಲ್‌ಗೆ ಕಳಿಸಿಬಿಡಬೇಕು. ಅಲ್ಲಿ ಮಿಷನ್ನಿನದೇ ಮಕ್ಕಳ ಮನೆ ಇತ್ತು. ಅಪ್ಪ ಅಮ್ಮ ಆಫ್ರಿಕಾದಲ್ಲೋ ಮಂಗಳೂರಿನಲ್ಲೋ, ಮಕ್ಕಳು ಸ್ವಿಟ್ಜರ್ಲೆಂಡಿನಲ್ಲಿ. ಕ್ರಿಸ್ಮಸ್ಸಿಗೆ ಬರೆದ ಕಾಗದ ಹಬ್ಬ ಕಳೆದ ಮೇಲೆ ಕೈಗೆ ಸಿಗುವ ಕಾಲ. ದೇವರ ಕೆಲಸಕ್ಕೆ ಹೋದವರ ಮೇಲೆ ಇಷ್ಟು ಕಠಿಣ ನಿಯಮ ಯಾಕೆ ಹೇರಿದರೋ! ನನಗಂತೂ ಇದು ಕ್ರೂರ ಅಂತಲೇ ಅನ್ನಿಸುತ್ತದೆ.

ಅಂಥ ಕಮಿಟಿಗೆ ಸಿಮರ್‌ಮನ್ ಹೆದರಲಿಲ್ಲ. ಕಮಿಟಿ ಸಿಟ್ಟಾಯಿತು, ಆಮೇಲೆ ಸುಮ್ಮನಾಯಿತು. ಹೆಂಡತಿಯನ್ನು ಯುರೋಪಿಗೆ ಕರೆತರಬಾರದು ಎಂಬ ಷರತ್ತು ಹಾಕಿತು. ಅವರು ಕೆಲಸ ಬಿಡಲಿಲ್ಲ. ಓಸುವಿನ ಜನರ ಗಾ ಭಾಷೆ ಕಲಿತರು. 1858ರಲ್ಲಿ ಅದರ ವ್ಯಾಕರಣ ಪ್ರಕಟಿಸಿದರು. ಬೈಬಲನ್ನು ಆ ಭಾಷೆಗೆ ತಂದರು. ಅಷ್ಟರಲ್ಲಿ ಕೋಟೆ ಡೆನ್ಮಾರ್ಕಿನವರಿಂದ ಬ್ರಿಟಿಷರ ಕೈಗೆ ಬಂದಿತ್ತು. 1854ರಲ್ಲಿ ತಲೆಗಂದಾಯ ಕೊಡುವುದಿಲ್ಲ ಅಂತ ಜನ ತಿರುಗಿಬಿದ್ದಾಗ ಬ್ರಿಟಿಷರು ಕ್ರಿಶ್ಚಿಯನ್ಸ್‌ಬೋರ್ಗ್ ಮೇಲೆ ಹಡಗಿನಿಂದ ಗುಂಡು ಹಾರಿಸಿದರು. ಆಗ ಅಲ್ಲಿನ ಕ್ರೈಸ್ತ ಸಭೆಯ ಜನರೆಲ್ಲ ಸೇರಿ ಇಡೀ ಸಭೆಯೇ ಒಳನಾಡಿನ ಅಬೊಕೋಬಿಗೆ ಓಡಿಹೋಗಿ ಅಲ್ಲಿ ಹೊಸ ಊರು ಕಟ್ಟಿಕೊಂಡಿತು. ಆಮೇಲೆ ಗಂಡ ಹೆಂಡತಿ ಕ್ರೋಬೊ ಜನರ ಒಡುಮಾಸೆಯಲ್ಲಿ ವರ್ಷಗಟ್ಟಲೆ ಇದ್ದರು. ಸಿಮರ್‌ಮನ್ 1876ರಲ್ಲಿ ತಮ್ಮ ಹುಟ್ಟೂರಲ್ಲೇ ತೀರಿಕೊಂಡರು. ಕ್ಯಾಥರೀನ್ 1891ರಲ್ಲಿ ಆಫ್ರಿಕಾದಲ್ಲಿ ತೀರಿಕೊಂಡಳು.

ಅದೇ ಕಾಲದ ಇನ್ನೊಬ್ಬರನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಯೊಹಾನ್ನಸ್ ಕ್ರಿಸ್ಟಾಲರ್. ಬಾಸೆಲ್‌ನಲ್ಲಿ ಕಿಟೆಲ್ ಓದುತ್ತಿದ್ದ ದಿನಗಳಲ್ಲೇ ಇವರೂ ಅಲ್ಲಿ ವಿದ್ಯಾರ್ಥಿ. 1853ರಲ್ಲಿ ಕಿಟೆಲ್ ನಮ್ಮ ಕಡೆ ಬಂದರು, ಅದೇ ವರ್ಷ ಕ್ರಿಸ್ಟಾಲರ್ ಗೋಲ್ಡ್ ಕೋಸ್ಟ್ ಮುಟ್ಟಿದರು. ಅಕ್ರೊಪಾಂಗ್ ಕಡೆಯ ಜನ ಆಡುವ ಚ್ವಿ ಭಾಷೆಗೆ ಇವರು ಮಾಡಿದ ನಿಘಂಟು 1881ರಲ್ಲಿ ಬಂತು, ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ. ಮೂರು ಸಾವಿರಕ್ಕೂ ಹೆಚ್ಚು ಚ್ವಿ ಗಾದೆಗಳನ್ನೂ ಕ್ರಿಸ್ಟಾಲರ್ ಕೂಡಿಹಾಕಿದರು.

ಈಗ ಹಬ್ಬದ ಕಡೆ ಬರೋಣ.

ಬಾಸೆಲ್‌ನವರು ಊರಿನ ಪಕ್ಕದಲ್ಲಿ ಕ್ರೈಸ್ತರಿಗೆ ಬೇರೆಯೇ ಕೇರಿ ಕಟ್ಟಿಸಿದರು. ಅದಕ್ಕೆ ಸೇಲಂ ಅಂತ ಹೆಸರು. ಕಲ್ಲಿನ ಮನೆ, ಚರ್ಚು, ಶಾಲೆ, ಸಾಲುಮರ. ಅಲ್ಲಿ ಡೋಲು ಬಾರಿಸುವಂತಿಲ್ಲ, ಊರಿನ ಕುಣಿತ ಕುಣಿಯುವಂತಿಲ್ಲ. ಹಾಡು ಬೇಕಾದರೆ ಜರ್ಮನಿಯ ಕೀರ್ತನೆಯ ರಾಗ. ಓದು ಬರಹ ಕೊಟ್ಟವರೂ ಇವರೇ, ಡೋಲು ಕಿತ್ತುಕೊಂಡವರೂ ಇವರೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನಿಯವರೇ ಹೆಚ್ಚಾಗಿದ್ದ ಈ ಪಾದ್ರಿಗಳನ್ನು ಶತ್ರುಗಳ ಲೆಕ್ಕಕ್ಕೆ ಸೇರಿಸಿ ದೇಶದಿಂದ ಹೊರಹಾಕಿದರು. ಅದೂ 1917ರ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್ ತಿಂಗಳಲ್ಲೇ. ಪಾದ್ರಿಗಳು ಹೋದರು, ಕಟ್ಟುಪಾಡು ಮಾತ್ರ ಉಳಿಯಿತು. ಅಕ್ರೊಪಾಂಗಿನ ಕಾಲೇಜಿನಲ್ಲಿ ಎಫ್ರಾಯಿಮ್ ಅಮು ಎಂಬ ಸಂಗೀತದ ಮೇಷ್ಟ್ರು ಇದ್ದರು. ಅವರು ಊರಿನ ಬಟ್ಟೆ ಹೊದ್ದು ಚರ್ಚಿನಲ್ಲಿ ಬೋಧನೆ ಮಾಡಿದರು, ಊರಿನ ತಾಳಕ್ಕೆ ಹಾಡು ಕಟ್ಟಿದರು. 1933ರಲ್ಲಿ ಅವರ ಕೆಲಸ ಹೋಯಿತು. ಅದೇ ಅಮು ಇವತ್ತು ಘಾನಾದ ಸಂಗೀತಗಾರರಲ್ಲಿ ದೊಡ್ಡ ಹೆಸರು.

ಆದರೆ ಹಬ್ಬ ಯಾವತ್ತಾದರೂ ಕಮಿಟಿ ಹೇಳಿದಂತೆ ನಡೆಯುತ್ತದಾ? ಅದು ನಡೆಯುವುದು ಬೆಳೆಯನ್ನೂ ಗಾಳಿಯನ್ನೂ ನೋಡಿಕೊಂಡು.

ಗಾಳಿಯ ಹೆಸರು ಹರ್ಮಟಾನ್. ನವೆಂಬರ್ ಕೊನೆಗೋ ಡಿಸೆಂಬರಿಗೋ ಸಹಾರಾ ಮರುಭೂಮಿಯ ಕಡೆಯಿಂದ ಬೀಸುತ್ತದೆ. ಒಣ ಗಾಳಿ, ನುಣ್ಣನೆಯ ಧೂಳು. ಆಕಾಶ ಮಸುಕು. ಬೆಳಗ್ಗೆ ಸ್ವಲ್ಪ ಚಳಿ, ಮಧ್ಯಾಹ್ನ ಸುಡುಬಿಸಿಲು. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಜನ ಮೈಗೆ ಶಿಯಾ ಎಂಬ ಮರದ ಬೀಜದಿಂದ ತೆಗೆದ ಬೆಣ್ಣೆ ಹಚ್ಚಿಕೊಳ್ಳುತ್ತಾರೆ. ಅಲ್ಲಿನ ಮಕ್ಕಳಿಗೆ ಕ್ರಿಸ್ಮಸ್ ಬಂತು ಅಂತ ಮೊದಲು ತಿಳಿಸುವುದು ಈ ಗಾಳಿಯೇ. ಈಗ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಫರ್ ಮರ, ಅದರ ಮೇಲೆ ಹತ್ತಿಯ ಹಿಮ ಸಿಗುತ್ತದೆ. ಸುಮ್ನೆ ಅಲಂಕಾರ, ಅಷ್ಟೆ.

ಬೆಳೆ ಅಂದರೆ ಕೋಕೋ. ಇದಕ್ಕೂ ಮಿಷನ್ನಿಗೂ ಒಂದು ನಂಟಿದೆ. ಟೆಟೆ ಕ್ವಾಶಿ ಎಂಬಾತ ಬಾಸೆಲ್ ಮಿಷನ್ನಿನ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತವನು. 1879ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಕೋಕೋ ಬೀಜ ತಂದು ಅಕ್ವಾಪಿಮ್ ಗುಡ್ಡದ ಮಂಪಾಂಗಿನಲ್ಲಿ ನೆಟ್ಟ. ಪಾದ್ರಿಗಳು ಅದಕ್ಕೂ ಮೊದಲು ಪ್ರಯತ್ನ ಮಾಡಿದ್ದರು, ಆದರೆ ಊರೂರಿಗೆ ಹಬ್ಬಿದ್ದು ಕ್ವಾಶಿಯ ತೋಟದಿಂದ. 1911ರ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ನಾಡು ಗೋಲ್ಡ್ ಕೋಸ್ಟ್. ಕೋಕೋದ ಮುಖ್ಯ ಕೊಯ್ಲು ಶುರುವಾಗುವುದು ಅಕ್ಟೋಬರ್‌ನಲ್ಲಿ. ಡಿಸೆಂಬರಿಗೆ ರೈತನ ಕೈಯಲ್ಲಿ ದುಡ್ಡು ಓಡಾಡುತ್ತದೆ. ಸಾಲ ತೀರುತ್ತದೆ, ಮಕ್ಕಳಿಗೆ ಹೊಸ ಬಟ್ಟೆ ಬರುತ್ತದೆ. ದರ್ಜಿಗಳಿಗೆ ಆ ತಿಂಗಳು ಊಟ ಮಾಡಲೂ ಪುರುಸೊತ್ತಿಲ್ಲ. ಸುಗ್ಗಿ ಅಂತ ಕರೆದರೂ ತಪ್ಪಿಲ್ಲ, ಅಲ್ವಾ?

ಹಳ್ಳಿಗಳ ಮಕ್ಕಳಿಗೆ ಒಂದು ಚಂದದ ಆಟ ಇತ್ತು, ಈಗ ಕಡಿಮೆಯಾಗುತ್ತಿದೆ. ಹಬ್ಬಕ್ಕೆ ಕೆಲವು ದಿನ ಮೊದಲು ಬಿದಿರು, ತಾಳೆಗರಿ, ತೆಂಗಿನಗರಿ ಕಡಿದು ತಂದು ತಾವೇ ಒಂದು ಚಪ್ಪರ ಕಟ್ಟುವುದು. ದೊಡ್ಡವರು ಅದರೊಳಗೆ ಕಾಲಿಡುವಂತಿಲ್ಲ. ಮಕ್ಕಳೇ ಒಲೆ ಹೂಡಿ, ಮನೆಮನೆಯಿಂದ ಅಕ್ಕಿ, ಮೀನು ತಂದು ಬೇಯಿಸಿ ಅಲ್ಲೇ ತಿನ್ನುವುದು. ಇದನ್ನು ಯಾವ ಪಾದ್ರಿಯೂ ಕಲಿಸಿದ್ದಲ್ಲ. ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಹಬ್ಬಕ್ಕೆ ಗರಿಯ ಚಪ್ಪರಕ್ಕಿಂತ ಒಪ್ಪುವಂಥದ್ದು ಇನ್ನೇನಿದೆ!

ಹಬ್ಬದ ದಿನ ಊಟಕ್ಕೆ ಕೋಳಿ ಅಥವಾ ಆಡು. ಮರಗೆಣಸು, ಬಾಳೆಕಾಯಿ ಬೇಯಿಸಿ ಒರಳಿಗೆ ಹಾಕಿ ಕುಟ್ಟುತ್ತಾರೆ. ಒಬ್ಬರು ಒನಕೆ ಎತ್ತಿ ಹಾಕಿದರೆ ಇನ್ನೊಬ್ಬರು ನಡುವೆ ಕೈ ಹಾಕಿ ಹಿಟ್ಟು ತಿರುವುತ್ತಾರೆ. ಕೈ ಚುರುಕಿಲ್ಲದಿದ್ದರೆ ಬೆರಳಿಗೆ ಪೆಟ್ಟು. ಆ ಮುದ್ದೆಗೆ ಫುಫು ಅಂತ ಹೆಸರು. ಮಾಂಸದ ಸಾರಿನಲ್ಲೋ ಕಡಲೆಕಾಯಿ ಸಾರಿನಲ್ಲೋ ಅದ್ದಿ, ಅಗಿಯದೆ ನುಂಗಬೇಕು. ನಮ್ಮ ರಾಗಿಮುದ್ದೆ ಉಣ್ಣುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೊಮೆಟೊ ಹಾಕಿದ ಜೊಲ್ಲೊಫ್ ಅನ್ನವೂ ಇರುತ್ತದೆ.

ಚರ್ಚಿನೊಳಗೆ ಈಗ ಏನಾಗುತ್ತದೆ ಗೊತ್ತಾ? ಡೋಲು ಬಂದು ಕೂತಿದೆ. ಕಾಣಿಕೆ ಹಾಕುವ ಹೊತ್ತಿಗೆ ಜನ ಸುಮ್ಮನೆ ಸಾಲಾಗಿ ಹೋಗುವುದಿಲ್ಲ. ಬಿಳಿ ಕರವಸ್ತ್ರ ಬೀಸುತ್ತಾ, ಕುಣಿಯುತ್ತಾ ಪೆಟ್ಟಿಗೆಯ ತನಕ ಹೋಗುತ್ತಾರೆ. ಅಜ್ಜಿಯರೇ ಮುಂದೆ. ಅಮು ಕೆಲಸ ಕಳೆದುಕೊಂಡದ್ದು ಇದಕ್ಕಿಂತ ಎಷ್ಟೋ ಕಡಿಮೆಗೆ.

ಸೆಕೊಂಡಿ, ತಕೊರಾಡಿ ಎಂಬ ಬಂದರು ಊರುಗಳಲ್ಲಿ ಕ್ರಿಸ್ಮಸ್ ದಿನಗಳಲ್ಲೇ ವೇಷದ ತಂಡಗಳು ಬೀದಿಗೆ ಇಳಿಯುತ್ತವೆ. 26ನೇ ತಾರೀಕೂ ದೇಶಕ್ಕೆಲ್ಲ ರಜೆ. ಡಿಸೆಂಬರ್ 31ರ ರಾತ್ರಿ ಮತ್ತೆ ಚರ್ಚುಗಳು ತುಂಬುತ್ತವೆ. ವರ್ಷವಿಡೀ ಆ ಕಡೆ ಸುಳಿಯದವರೂ ಅವತ್ತು ಹೋಗುತ್ತಾರೆ. ಹನ್ನೆರಡು ಹೊಡೆದಾಗ ಪ್ರಾರ್ಥನೆಯಲ್ಲಿರಬೇಕು ಅನ್ನುವುದು ನಂಬಿಕೆ. ಆಮೇಲೆ ಒಬ್ಬರಿಗೊಬ್ಬರು 'ಅಫೆಹ್ಯಿಯಾ ಪಾ' ಅಂತ ಶುಭಾಶಯ ಹೇಳಿಕೊಳ್ಳುತ್ತಾರೆ.

ಮರುದಿನ ಜನವರಿ ಒಂದು. ವಿನ್ನೆಬಾ ಎಂಬ ಕಡಲೂರಿನಲ್ಲಿ ವೇಷಗಾರರ ದೊಡ್ಡ ಪೈಪೋಟಿ. ಬಣ್ಣಬಣ್ಣದ ಅಂಗಿ, ಮುಖವಾಡ, ಮರಗಾಲು ಕಟ್ಟಿಕೊಂಡು ನಡೆಯುವವರು, ಹಿಂದೆ ಹಿತ್ತಾಳೆ ವಾದ್ಯಗಳ ಬ್ಯಾಂಡು. ತಂಡಗಳು ಬೀದಿ ಸುತ್ತಿ ಮೈದಾನಕ್ಕೆ ಬರುತ್ತವೆ, ತೀರ್ಪುಗಾರರು ಅಂಕ ಕೊಡುತ್ತಾರೆ. ಕೆಲವು ಮುಖವಾಡಗಳಿಗೆ ಗುಲಾಬಿ ಬಣ್ಣದ ಕೆನ್ನೆ, ಚೂಪು ಮೂಗು, ದಪ್ಪ ಮೀಸೆ. ಹಿಂದೆ ಹಡಗಿನಲ್ಲಿ ಬಂದಿಳಿದ ಬಿಳಿ ದೊರೆಗಳ ಅಣಕ ಅದು. ಆ ಮುಖ ಹಾಕಿಕೊಂಡವರು ಬ್ಯಾಂಡಿನ ತಾಳಕ್ಕೆ ಊರಿನ ಕುಣಿತವನ್ನೇ ಕುಣಿಯುತ್ತಾರೆ, ನೋಡುತ್ತಾ ನಿಂತವರು ಬಿದ್ದು ಬಿದ್ದು ನಗುತ್ತಾರೆ.

ನಮಸ್ಕಾರ.